ನಡೆಯೋರು, ಸೈಕಲ್ಲಿನೋರು ಒಂದಾದರೆ

ಫುಟ್‌ಪಾತ್ ಮೇಲೆ ನಡೀತಿದ್ದರೂ ಹಿಂದಿನಿಂದ ಬೈಕ್ ಹಾರ್ನ್ ಹೊಡೆಯುತ್ತೆ. ಮನಸ್ಸಲ್ಲೇ ಬೈದುಕೊಂಡು ಪಕ್ಕಕ್ಕೆ ಸರಿಯುತ್ತೇನೆ, ನಿಮ್ಮ ಹಾಗೇ. ಒಬ್ಬೊಬ್ಬರೇ ಬೈದರೆ ಆಗೋದು ಇಷ್ಟೇ.

ನೆದರ್ಲೆಂಡ್ಸ್ ಮೊದಲಿನಿಂದಲೂ ಸೈಕಲ್ ಸವಾರರ ಸ್ವರ್ಗ ಅಂದುಕೊಂಡಿದ್ದೀರಾ? ಅಲ್ಲ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು ಸುಮಾರು 3,300 ಮಂದಿ. ಅವರಲ್ಲಿ ಮಕ್ಕಳೇ 400ಕ್ಕೂ ಹೆಚ್ಚು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಹೆತ್ತವರು ಬೀದಿಗಿಳಿದರು. 1975ರಲ್ಲಿ ಸೈಕಲ್ ಸವಾರರ ಸಂಘವೂ ಹುಟ್ಟಿತು. ಹೆತ್ತವರಿಗೆ ಬೇಕಿದ್ದದ್ದು ಮಕ್ಕಳು ಕ್ಷೇಮವಾಗಿ ಓಡಾಡುವ ಬೀದಿ, ಸವಾರರಿಗೆ ಬೇಕಿದ್ದದ್ದು ಸೈಕಲ್ ಪಥ. ಬೇಡಿಕೆ ಬೇರೆ, ದೂರು ಒಂದೇ: ರಸ್ತೆ ಕಾರಿನವರಿಗೆ ಮಾತ್ರವಲ್ಲ.

ಒಕ್ಕೂಟ ಮುರಿಯೋದೆಲ್ಲಿ ಗೊತ್ತಾ? ಫುಟ್‌ಪಾತ್ ಕತ್ತರಿಸಿ ಸೈಕಲ್ ಪಥ ಮಾಡಿದಾಗ. ನಡೆಯೋರಿಗೂ ಸವಾರರಿಗೂ ಜಗಳ ಹತ್ತುತ್ತೆ, ಕಾರು ಆರಾಮಾಗಿ ಹೋಗುತ್ತೆ. ಹಾಗಾಗಿ ಮೊದಲ ಸಭೆಯಲ್ಲೇ ಒಂದು ಮಾತಾಗಬೇಕು: ನಮಗೆ ಜಾಗ ಬರಬೇಕಾದ್ದು ವಾಹನಗಳ ಪಾಲಿನಿಂದ, ಒಬ್ಬರಿನ್ನೊಬ್ಬರ ಪಾಲಿನಿಂದಲ್ಲ.

ನಮ್ಮಿಂದಾಗಲ್ಲ ಅನ್ನಬೇಡಿ. 2016ರ ಅಕ್ಟೋಬರ್ 16ರಂದು ಉಕ್ಕಿನ ಮೇಲ್ಸೇತುವೆ ವಿರುದ್ಧ ಬೆಂಗಳೂರಿಗರು ಕೈಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸೇತುವೆ ಬೇಡ ಅನ್ನೋಕೆ ಒಂದಾದೆವು. ಫುಟ್‌ಪಾತ್ ಬೇಕು ಅನ್ನೋಕೆ ಯಾವಾಗ?