ಮಂಜುಗಡ್ಡೆಯ ಮೇಲಿನ ರಂಗೋಲಿ

ಧನುರ್ಮಾಸದ ಬೆಳಗಿನ ಜಾವ ಮೈಸೂರಿನ ಒಂಟಿಕೊಪ್ಪಲಿನಲ್ಲಿ ವೆಂಕಟರಮಣಸ್ವಾಮಿ ದೇವಸ್ಥಾನಕ್ಕೆ ಹೊರಟವರು ನೆಲ ನೋಡಿಕೊಂಡು ನಡೆಯಬೇಕಾಗುತ್ತದೆ. ಮನೆಮನೆಯ ಮುಂದೆ ರಂಗೋಲಿ. ಚುಕ್ಕಿ ಇಟ್ಟು, ಸೊಂಟ ಬಗ್ಗಿಸಿ, ಬೆರಳುಗಳ ಸಂದಿನಿಂದ ಒಂದೇ ಸಮನೆ ಪುಡಿ ಬಿಡುತ್ತ ಎಳೆದ ಗೆರೆ ಹೊರಟ ಜಾಗಕ್ಕೇ ಬಂದು ಸೇರಬೇಕು. ಎಲ್ಲಿಯೂ ದಪ್ಪವಾಗಬಾರದು, ಕೂಡಿದ ಜಾಗ ಕಾಣಬಾರದು. ಹೊತ್ತೇರಿದ ಮೇಲೆ ಸೈಕಲ್ಲು, ಸ್ಕೂಟರುಗಳು ಅದನ್ನು ಅಳಿಸುತ್ತವೆ. ಮರುದಿನ ಮತ್ತೆ ಹೊಸದು.

ಅದೇ ಚಳಿಗಾಲದಲ್ಲಿ, ಸಾವಿರಾರು ಮೈಲಿ ದೂರದ ದೇಶಗಳಲ್ಲಿ, ಹುಡುಗಿಯರು ಮಂಜುಗಡ್ಡೆಯ ಮೇಲೆ ಕಾಲಿನಿಂದ ಗೆರೆ ಎಳೆಯುತ್ತಿರುತ್ತಾರೆ. ಡಿಸೆಂಬರ್, ಜನವರಿಗಳಲ್ಲಿ ಆಯಾ ದೇಶದ ಸ್ಪರ್ಧೆಗಳು. ಮಾರ್ಚ್ ಸುಮಾರಿಗೆ ಫಿಗರ್ ಸ್ಕೇಟಿಂಗ್‌ನ ವಿಶ್ವ ಚಾಂಪಿಯನ್‌ಷಿಪ್. ಒಂಟಿಕೊಪ್ಪಲ್ ಪಂಚಾಂಗದಲ್ಲಿ ಹುಡುಕಿದರೆ ಇದರ ದಿನ ಸಿಕ್ಕುವುದಿಲ್ಲ. ಇಬ್ಬನಿಯಲ್ಲದೆ ಬೇರೆ ಹಿಮ ಕಾಣದ ಊರಿಗೆ ಆ ಆಟ ತಲುಪುವುದು ಟಿ.ವಿ.ಯ ಮೂಲಕವೇ. ಮಹಿಳೆಯರ ಸ್ಪರ್ಧೆ ನೋಡಲು ಕುಳಿತವರಿಗೆ ಮೊದಲು ಬರುವ ಅನುಮಾನವೂ ಒಂದೇ: ಬಿದ್ದವಳಿಗೆ ಹೆಚ್ಚು ಅಂಕ, ಬೀಳದೆ ಚೆಂದವಾಗಿ ಜಾರಿದವಳಿಗೆ ಕಡಿಮೆ. ಇದು ಯಾವ ನ್ಯಾಯ?

ಈ ಆಟದಲ್ಲಿ ಅಳೆಯಬೇಕಾದದ್ದು ಮೂರು: ಗೆರೆ, ನೆಗೆತ, ಲಾಲಿತ್ಯ. ಯಾವುದಕ್ಕೆ ಎಷ್ಟು ಬೆಲೆ ಎಂಬ ಜಗಳ ನೂರು ವರ್ಷಕ್ಕೂ ಹಳೆಯದು. ಆ ಲೆಕ್ಕ ಬದಲಾದಾಗಲೆಲ್ಲ ಗೆಲ್ಲುವ ಹುಡುಗಿಯೂ, ಆಕೆಯ ವಯಸ್ಸೂ ಬದಲಾಗಿವೆ.

ಗೆರೆಯ ಕಾಲ

ಫಿಗರ್ ಎಂದರೆ ಇಲ್ಲಿ ಮೈಕಟ್ಟಲ್ಲ, ಆಕೃತಿ. ಸ್ಕೇಟಿನ ಅಡಿಯ ಉಕ್ಕಿನ ಪಟ್ಟಿ ಚಾಕುವಿನಂತೆ ಚೂಪಾಗಿರುವುದಿಲ್ಲ. ಅದರ ತಳದ ಉದ್ದಕ್ಕೂ ಸಣ್ಣ ತೋಡು ಇರುತ್ತದೆ. ಹೀಗಾಗಿ ಒಂದೊಂದು ಕಾಲಿಗೆ ಒಳಗಿನದೊಂದು, ಹೊರಗಿನದೊಂದು, ಎರಡು ಅಂಚು. ಯಾವುದಾದರೂ ಒಂದು ಅಂಚಿನ ಮೇಲೆ ವಾಲಿ ನಿಂತರೆ ದಾರಿ ತಾನಾಗಿ ಬಾಗುತ್ತದೆ. ಆ ಬಾಗನ್ನು ಪಳಗಿಸಿ ಇಂಗ್ಲಿಷಿನ ಎಂಟರ ಅಂಕಿಯನ್ನೂ, ಅದರ ಒಳಗೆ ತಿರುವು, ಕುಣಿಕೆಗಳನ್ನೂ ಬಿಡಿಸುವುದೇ ಮೂಲ ವಿದ್ಯೆ. ಒಮ್ಮೆ ಎಳೆದ ಗೆರೆಯ ಮೇಲೆಯೇ ಮತ್ತೆರಡು ಸಲ ಹೋಗಬೇಕು. ತೀರ್ಪುಗಾರರು ಮಂಜುಗಡ್ಡೆಯ ಮೇಲೆ ನಡೆದು ಬಂದು, ಬಗ್ಗಿ ನೋಡಿ ಅಂಕ ಕೊಡುತ್ತಿದ್ದರು. ಅಧಿಕೃತ ಪಟ್ಟಿಯಲ್ಲಿ ಇಂಥ 41 ಆಕೃತಿಗಳಿದ್ದವು. 1968ರವರೆಗೂ ಒಟ್ಟು ಅಂಕದಲ್ಲಿ ಶೇಕಡ 60 ಭಾಗ ಇವುಗಳದೇ. ಸಂಗೀತಕ್ಕೆ ಹೆಜ್ಜೆ ಹಾಕುವ ಮುಕ್ತ ಪ್ರದರ್ಶನಕ್ಕೆ ಉಳಿದದ್ದು ಶೇಕಡ 40.

ಈ ಅಂಗಣಕ್ಕೆ ಹೆಂಗಸರು ಕಾಲಿಟ್ಟದ್ದು ಒಂದು ಮರೆವಿನಿಂದ. 1902ರಲ್ಲಿ ಲಂಡನ್ನಿನಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಮ್ಯಾಜ್ ಸೈಯರ್ಸ್ ಎಂಬ ಇಂಗ್ಲಿಷ್ ಮಹಿಳೆ ತನ್ನ ಹೆಸರನ್ನೂ ಕೊಟ್ಟಳು. ಗಂಡಸರು ಮಾತ್ರ ಎಂದು ನಿಯಮದಲ್ಲಿ ಬರೆದಿರಲಿಲ್ಲ. ಹೆಂಗಸು ಬರಬಹುದೆಂದು ಯಾರೂ ಊಹಿಸಿರಲಿಲ್ಲ. ತಡೆಯಲು ದಾರಿ ಕಾಣಲಿಲ್ಲ. ಸ್ವೀಡನ್ನಿನ ಉಲ್ರಿಕ್ ಸಾಲ್ಕೊ ಮೊದಲಿಗನಾದ, ಸೈಯರ್ಸ್ ಎರಡನೆಯವಳಾದಳು. ಮರುವರ್ಷವೇ ಅಂತರರಾಷ್ಟ್ರೀಯ ಸಂಸ್ಥೆ ಹೆಂಗಸರಿಗೆ ಬಾಗಿಲು ಮುಚ್ಚಿತು. ಆಗ ಹೇಳಿದ ಕಾರಣಗಳಲ್ಲಿ ಒಂದು, ಉದ್ದ ಲಂಗದಿಂದ ತೀರ್ಪುಗಾರರಿಗೆ ಪಾದ ಕಾಣುವುದಿಲ್ಲ ಎಂಬುದು. ಇತ್ತ ಬ್ರಿಟನ್ನಿನ ಸ್ಪರ್ಧೆಯಲ್ಲಿ ಆಕೆ 1903ರಲ್ಲಿ ಗಂಡಸರನ್ನು ಸೋಲಿಸಿದಳು. 1904ರಲ್ಲಿ ಸೋತವರಲ್ಲಿ ಅವಳ ಗಂಡನೂ ಇದ್ದ. ಕೊನೆಗೆ 1906ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಹೆಂಗಸರಿಗೇ ಪ್ರತ್ಯೇಕ ಚಾಂಪಿಯನ್‌ಷಿಪ್ ಆರಂಭವಾಯಿತು. ಅಲ್ಲಿಯೂ, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿಯೂ ಗೆದ್ದವಳು ಸೈಯರ್ಸ್.

ಮುಂದಿನ ತಲೆಮಾರಿನಲ್ಲಿ ನಾರ್ವೆಯ ಸೋನ್ಯಾ ಹೆನಿ ಲಂಗವನ್ನು ಮೊಣಕಾಲಿನ ಮೇಲಕ್ಕೆ ಏರಿಸಿ, ಬ್ಯಾಲೆ ನೃತ್ಯದ ಸೊಬಗನ್ನು ಆಟಕ್ಕೆ ತಂದಳು. 1927ರಿಂದ 1936ರವರೆಗೆ ಸತತ 10 ವಿಶ್ವ ಪ್ರಶಸ್ತಿ, 3 ಒಲಿಂಪಿಕ್ ಚಿನ್ನ. ನೋಡುವವರಿಗೆ ಇಷ್ಟವಾದದ್ದು ಗೆರೆಯಲ್ಲ, ಕುಣಿತ. ಆದರೆ ಅಂಕಗಳಲ್ಲಿ ದೊಡ್ಡ ಪಾಲು ಗೆರೆಯದಾಗಿಯೇ ಉಳಿಯಿತು.

ಟಿ.ವಿ. ತಂದ ತೀರ್ಪು

ಈ ಎರಡರ ನಡುವಿನ ಬಿರುಕು 1972ರಲ್ಲಿ ಜಪಾನಿನ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಬಯಲಾಯಿತು. ಆಸ್ಟ್ರಿಯದ ಬಿಯಾಟ್ರಿಕ್ಸ್ ಶೂಬಾ ಗೆರೆ ಎಳೆಯುವುದರಲ್ಲಿ ಸಾಟಿಯಿಲ್ಲದವಳು. ಮುಕ್ತ ಪ್ರದರ್ಶನದಲ್ಲಿ ಆಕೆಗೆ 7ನೆಯ ಸ್ಥಾನ. ಆ ಭಾಗದಲ್ಲಿ ಎಲ್ಲರ ಮನ ಸೆಳೆದ ಅಮೆರಿಕದ ಜ್ಯಾನೆಟ್ ಲಿನ್‌ಗೆ ದಕ್ಕಿದ್ದು ಕಂಚು; ಚಿನ್ನ ಶೂಬಾಳದು. ಆಕೃತಿ ಬಿಡಿಸುವ ಭಾಗವನ್ನು ಟಿ.ವಿ. ತೋರಿಸುತ್ತಲೇ ಇರಲಿಲ್ಲ. ಮನೆಯಲ್ಲಿ ಕುಳಿತವರು ಕಂಡದ್ದು ಒಂದು, ಕೇಳಿದ ಫಲಿತಾಂಶ ಇನ್ನೊಂದು.

ಮರುವರ್ಷವೇ ಆಕೃತಿಗಳ ಪಾಲು ತಗ್ಗಿತು. ನಿಗದಿತ ನೆಗೆತ, ಸುತ್ತುಗಳ ಕಿರು ಪ್ರದರ್ಶನ ಹೊಸದಾಗಿ ಸೇರಿತು. 1990ರ ವಿಶ್ವ ಚಾಂಪಿಯನ್‌ಷಿಪ್ಪೇ ಆಕೃತಿಗಳಿಗೆ ಕೊನೆ. ಹೆಸರು ಮಾತ್ರ ಉಳಿಯಿತು. ಚಕ್ರ ಕಟ್ಟಿದ ಸ್ಕೇಟಿನ ಕಲಾತ್ಮಕ ಸ್ಪರ್ಧೆಗಳಲ್ಲಿ ಮಾತ್ರ, ನೆಲಕ್ಕೆ ಬಣ್ಣದಲ್ಲಿ ಬರೆದ ವೃತ್ತಗಳ ಮೇಲೆ ಉರುಳುವ ಹಳೆಯ ಅಭ್ಯಾಸ ಉಳಿದುಕೊಂಡು ಬಂತು.

ನೆಗೆತದ ಲೆಕ್ಕ

ಗೆರೆ ಹೋದ ಜಾಗಕ್ಕೆ ನೆಗೆತ ಬಂತು. ಮುಖ್ಯವಾದ ನೆಗೆತಗಳು ಆರು: ಟೋ ಲೂಪ್, ಸಾಲ್ಕೊ, ಲೂಪ್, ಫ್ಲಿಪ್, ಲುಟ್ಸ್, ಆಕ್ಸೆಲ್. ಇವುಗಳಲ್ಲಿ ಮುಂದಕ್ಕೆ ಮುಖ ಮಾಡಿ ಹಾರುವುದು ಆಕ್ಸೆಲ್ ಒಂದೇ. ಇಳಿಯುವುದು ಮಾತ್ರ ಯಾವಾಗಲೂ ಹಿಮ್ಮುಖವಾಗಿಯೇ. ಆದ್ದರಿಂದ ಅದರಲ್ಲಿ ಅರ್ಧ ಸುತ್ತು ಹೆಚ್ಚು. ಮೂರೂವರೆ ಸುತ್ತಿನ ಟ್ರಿಪಲ್ ಆಕ್ಸೆಲನ್ನು ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಸಾಧಿಸಿದ ಮೊದಲ ಮಹಿಳೆ ಜಪಾನಿನ ಮಿದೊರಿ ಇತೊ, 1988ರಲ್ಲಿ. ಮರುವರ್ಷ ಆಕೆ ಏಷ್ಯಾದ ಮೊದಲ ವಿಶ್ವ ಚಾಂಪಿಯನ್ ಆದಳು.

ಆಗ ತೀರ್ಪುಗಾರರು ಆರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಪರ್ಧೆಯ ತೀರ್ಪಿನ ಹಗರಣವಾದ ಮೇಲೆ ಆ ಪದ್ಧತಿ ಹೋಯಿತು. ಈಗ ಪ್ರತಿಯೊಂದು ನೆಗೆತಕ್ಕೂ, ಸುತ್ತಿಗೂ ಒಂದು ಮೂಲ ಬೆಲೆ ಇದೆ. ಅದನ್ನು ಮಾಡಿದ ಅಚ್ಚುಕಟ್ಟಿಗೆ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ದರ್ಜೆ ಕೊಡುತ್ತಾರೆ. ರಚನೆ, ನಿರೂಪಣೆ, ಸ್ಕೇಟಿಂಗ್ ಕೌಶಲ ಎಂಬ ಮೂರಕ್ಕೆ ಬೇರೆ ಅಂಕ. ನೃತ್ತಕ್ಕೊಂದು ಲೆಕ್ಕ, ಅಭಿನಯಕ್ಕೊಂದು ಲೆಕ್ಕ ಇಟ್ಟಂತೆ.

ಬಿದ್ದವಳಿಗೆ ಅಂಕ ಹೇಗೆ ಬರುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಮೂರು ಸುತ್ತಿನ ಲುಟ್ಸ್‌ಗೆ ಮೂಲ ಬೆಲೆ 5.90, ನಾಲ್ಕು ಸುತ್ತಿನದಕ್ಕೆ 11.50. ನಾಲ್ಕೂ ಸುತ್ತು ಮುಗಿಸಿ, ಇಳಿಯುವಾಗ ಬಿದ್ದರೆ ಅರ್ಧದಷ್ಟು ಬೆಲೆ ಹೋಗುತ್ತದೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಳೆಯುತ್ತದೆ. ಆದರೂ 4.75 ಉಳಿಯಿತು. ಅಂದರೆ ನೆಟ್ಟಗೆ ಇಳಿದರೆ ಸಿಗುವ ಲಾಭ 5.60, ಬಿದ್ದರೆ ಆಗುವ ನಷ್ಟ 1.15. ಅಂಕದ ಪಟ್ಟಿ ಹೀಗಿರುವಾಗ ತರಬೇತುದಾರರು ಯಾವ ಕಡೆ ವಾಲುತ್ತಾರೆ ಎಂದು ಹೇಳಬೇಕಾಗಿಲ್ಲ.

ಯಾರ ಮೈ, ಯಾವ ವಯಸ್ಸು

ಗಾಳಿಯಲ್ಲಿ ಇರುವ ಹೊತ್ತು ಒಂದು ಸೆಕೆಂಡಿಗಿಂತ ಕಡಿಮೆ. ಅಷ್ಟರಲ್ಲಿ ನಾಲ್ಕು ಸುತ್ತು ಮುಗಿಯಬೇಕಾದರೆ ಮೈ ಹಗುರವಾಗಿ, ಕಿರಿದಾಗಿ ಇರಬೇಕು. ಬೆಳೆದ ಹೆಂಗಸಿಗಿಂತ ಬೆಳೆಯದ ಹುಡುಗಿಗೆ ಅದು ಸುಲಭ. ಹೀಗೆ ಮಹಿಳೆಯರ ಚಾಂಪಿಯನ್‌ಷಿಪ್ ಮೆಲ್ಲಗೆ ಮಕ್ಕಳ ಕೈಗೆ ಜಾರಿತು. ಹದಿನೈದು ದಾಟಿ ಮೈ ತುಂಬಿದ ಕೂಡಲೇ ನೆಗೆತ ಕೈಕೊಡುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬಳು ಸಿದ್ಧವಾಗಿರುತ್ತಿದ್ದಳು.

2022ರ ಬೀಜಿಂಗ್ ಒಲಿಂಪಿಕ್ಸ್ ಇದರ ಪರಾಕಾಷ್ಠೆ. ಚಿನ್ನ ಖಚಿತ ಎನಿಸಿದ್ದ ರಷ್ಯದ ಕಮೀಲಾ ವಲಿಯೆವಾಗೆ ಆಗ 15 ವರ್ಷ. ನಿಷೇಧಿತ ಔಷಧದ ಸುದ್ದಿ ಸ್ಪರ್ಧೆಯ ನಡುವೆಯೇ ಹೊರಬಿತ್ತು. ಇಡೀ ಲೋಕ ನೋಡುತ್ತಿರುವಾಗ ಆ ಹುಡುಗಿ ಮುಕ್ತ ಪ್ರದರ್ಶನದಲ್ಲಿ ಮತ್ತೆ ಮತ್ತೆ ಬಿದ್ದು ನಾಲ್ಕನೆಯ ಸ್ಥಾನಕ್ಕೆ ಇಳಿದಳು. 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಆಕೆಯನ್ನು 2021ರ ಡಿಸೆಂಬರ್‌ನಿಂದ ಲೆಕ್ಕ ಹಿಡಿದು 4 ವರ್ಷ ನಿಷೇಧಿಸಿತು. ಔಷಧ ಹುಡುಗಿಗೆ ತಲುಪಿದ್ದು ಹೇಗೇ ಇರಲಿ, ಬಿದ್ದದ್ದನ್ನು ಕಂಡವರಿಗೆ ಸುತ್ತ ಇದ್ದ ದೊಡ್ಡವರ ಜವಾಬ್ದಾರಿಯ ಪ್ರಶ್ನೆ ಉಳಿಯಿತು.

ಅದೇ 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಲು ನಿರ್ಧರಿಸಿತು. 2024–25ರ ಋತುವಿನಿಂದ ಅದು ಪೂರ್ತಿ ಜಾರಿಗೆ ಬಂತು. ಡೋಪಿಂಗ್ ಗಲಾಟೆಗೆ ಮೊದಲೇ, 2021ರಲ್ಲಿ, ವಿಭಾಗದ ಹೆಸರು ‘ಲೇಡೀಸ್’ ಹೋಗಿ ‘ವಿಮೆನ್’ ಆಗಿತ್ತು. ಈಗ ಹೆಸರಿಗೆ ತಕ್ಕ ಸ್ಪರ್ಧಿಗಳೂ ಕಾಣುತ್ತಿದ್ದಾರೆ. ಜಪಾನಿನ ಕಾವೊರಿ ಸಕಾಮೊತೊ ನಾಲ್ಕು ಸುತ್ತಿನ ನೆಗೆತವಿಲ್ಲದೆಯೇ 2022, 2023, 2024ರಲ್ಲಿ ವಿಶ್ವ ಚಾಂಪಿಯನ್ ಆದಳು. ಆಕೆಯ ಬಂಡವಾಳ ವೇಗ ಮತ್ತು ಆಳವಾದ ಅಂಚು. ಅಮೆರಿಕದ ಅಲಿಸಾ ಲಿಯು 16ನೆಯ ವಯಸ್ಸಿಗೆ ಆಟ ಸಾಕೆಂದು ಮನೆಗೆ ಹೋಗಿದ್ದಳು. ಎರಡು ವರ್ಷ ಬಿಟ್ಟು ತಾನಾಗಿಯೇ ಮರಳಿ, 2025ರಲ್ಲಿ ಬಾಸ್ಟನ್ನಿನಲ್ಲಿ 19ರ ಹರೆಯದಲ್ಲಿ ವಿಶ್ವ ಪ್ರಶಸ್ತಿ ಗೆದ್ದಳು.

ಭಾರತದ ಮಟ್ಟಿಗೆ ಇದು ಇನ್ನೂ ಅಪರೂಪದ ಆಟ. ಶಿಮ್ಲಾದಲ್ಲಿ 1920ರಿಂದ ಚಳಿಗೆ ತಾನಾಗಿ ಕಟ್ಟುವ ಮಂಜುಗಡ್ಡೆಯ ಅಂಗಣವಿದೆ. 2011ರ ಕ್ರೀಡಾಕೂಟಕ್ಕೆಂದು ಡೆಹ್ರಾಡೂನ್‌ನಲ್ಲಿ ಕಟ್ಟಿದ ಒಳಾಂಗಣ ಬಹುಕಾಲ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆಯಿತು. ಅಮೆರಿಕದಲ್ಲಿ ಬೆಳೆದ ತಾರಾ ಪ್ರಸಾದ್ 2025ರ ಹಾರ್ಬಿನ್ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಭಾರತದ ಪರ ಇಳಿದರು.

ಮುಂದಿನ ಸ್ಪರ್ಧೆಗೆ ಕಾದಿರುವವರು ಇಷ್ಟು ಗಮನಿಸಬಹುದು. ಕಿರು ಪ್ರದರ್ಶನ 2 ನಿಮಿಷ 40 ಸೆಕೆಂಡು, ಮುಕ್ತ ಪ್ರದರ್ಶನ 4 ನಿಮಿಷ. ಮೊದಲನೆಯದರಲ್ಲಿ ಮುಂದಿರುವ 24 ಮಂದಿಗೆ ಮಾತ್ರ ಎರಡನೆಯದಕ್ಕೆ ಪ್ರವೇಶ. ಹಿಂದಿರುವವರು ಮೊದಲು ಇಳಿಯುತ್ತಾರೆ. ಪದಕದ ಆಸೆ ಇರುವವರದು ಕೊನೆಯ ಆರು ಜನರ ಗುಂಪು. ನೆಗೆತ ಬಂದಾಗ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ. ಒಮ್ಮೆ ಪಾದವನ್ನು ನೋಡಬೇಕು. ಇಳಿದ ಕಾಲು ತಡವರಿಸದೆ ಒಂದೇ ಬಾಗಿನಲ್ಲಿ ಹಿಂದಕ್ಕೆ ಸಾಗಿದರೆ, ಅಲ್ಲೊಂದು ಗೆರೆ ಮೂಡಿರುತ್ತದೆ. ಅದಕ್ಕೆ ಈಗ ಪ್ರತ್ಯೇಕ ಅಂಕವಿಲ್ಲ. ಆದರೆ ಅಂಕಗಳೆಲ್ಲ ಬರುವುದು ಅದರ ಮೇಲಿಂದಲೇ.

ಆಮೇಲೆ ಹುಡುಗಿ ತರಬೇತುದಾರರ ಪಕ್ಕದ ಬೆಂಚಿನಲ್ಲಿ ಕುಳಿತು ಅಂಕಕ್ಕೆ ಕಾಯುತ್ತಾಳೆ. ಗುಂಪುಗಳ ನಡುವಿನ ಬಿಡುವಿನಲ್ಲಿ ಒಂದು ದೊಡ್ಡ ಯಂತ್ರ ಬಂದು ಮಂಜುಗಡ್ಡೆಯನ್ನು ಹೆರೆದು, ನೀರು ಸವರಿ, ಗೆರೆಗಳನ್ನೆಲ್ಲ ಅಳಿಸಿ ಹೋಗುತ್ತದೆ. ನೆಲ ಸಾರಿಸಿದಂತಾಗುತ್ತದೆ. ಮುಂದಿನವಳು ಕಾಲಿಡುತ್ತಾಳೆ.