ಸದ್ದಿಲ್ಲದೆ ದುಡಿಯುವವರ ಲೆಕ್ಕ ಇಡುವವರು ಯಾರು?

ಬೆಂಗಳೂರು: ಬನಶಂಕರಿ ಬಸ್ ನಿಲ್ದಾಣದಿಂದ ಮುಂಜಾನೆ ಹೊರಟ ಬಸ್ಸೊಂದು ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಗಳ ಇಕ್ಕಟ್ಟಿನ ರಸ್ತೆಗಳಲ್ಲಿ ದಿನವಿಡೀ ಸಂಚರಿಸಿ ಡಿಪೋಗೆ ಮರಳುತ್ತದೆ. ದಾರಿಯಲ್ಲಿ ವಿಶೇಷವೇನೂ ಘಟಿಸಿರುವುದಿಲ್ಲ. ಬಸ್ಸು ಯಾರಿಗಾದರೂ ಡಿಕ್ಕಿ ಹೊಡೆದಿದ್ದರೆ ಮರುದಿನದ ಪತ್ರಿಕೆಯಲ್ಲಿ ಚಾಲಕನ ಹೆಸರು ಬರುತ್ತಿತ್ತು. ಸುರಕ್ಷಿತವಾಗಿ ಹಿಂತಿರುಗಿದ್ದರಿಂದ ಅವನ ಹೆಸರು ಪ್ರಯಾಣಿಕರಿಗೂ ಗೊತ್ತಾಗುವುದಿಲ್ಲ.

ಮೌನವಾಗಿ, ನಂಬಿಕೆಗೆ ಅರ್ಹರಾಗಿ ದುಡಿಯುವ ಎಲ್ಲರ ಸಮಸ್ಯೆಯೂ ಇದೇ. ಅವರ ಕೆಲಸದ ಫಲವೆಂದರೆ ಯಾವ ಅವಘಡವೂ ಆಗದಿರುವುದು. ಆಗದೇ ಇದ್ದದ್ದನ್ನು ಯಾರೂ ಬರೆದಿಡುವುದಿಲ್ಲ.

ಪದಕದ ಹಿಂದಿನ ಲೆಕ್ಕ

ಈ ತೊಡಕಿಗೆ ನಮ್ಮ ರಾಜ್ಯದ ಸಾರಿಗೆ ನಿಗಮಗಳು ಒಂದು ಉತ್ತರ ಕಂಡುಕೊಂಡಿವೆ. ಐದು ವರ್ಷ ಅಪಘಾತರಹಿತವಾಗಿ ಬಸ್ ಓಡಿಸಿದ ಚಾಲಕನಿಗೆ ಬೆಳ್ಳಿ ಪದಕ, ಹದಿನೈದು ವರ್ಷ ಹಾಗೆಯೇ ಓಡಿಸಿದವನಿಗೆ ಮುಖ್ಯಮಂತ್ರಿಗಳ ಹೆಸರಿನ ಚಿನ್ನದ ಪದಕ. ಕೆಎಸ್‌ಆರ್‌ಟಿಸಿಯಲ್ಲಿರುವ ಈ ಪದ್ಧತಿ, 1997ರಲ್ಲಿ ಅದರಿಂದ ಬೇರ್ಪಟ್ಟ ಬಿಎಂಟಿಸಿಯಲ್ಲಿಯೂ ಇದೆ.

ಇಲ್ಲಿ ಗಮನಿಸಬೇಕಾದದ್ದು ಲೋಹದ ಬೆಲೆಯನ್ನಲ್ಲ, ಎಣಿಕೆಯ ಕ್ರಮವನ್ನು. ಘಟನೆಯನ್ನು ಹುಡುಕಿ ಬಹುಮಾನ ಕೊಡುವ ಬದಲು, ಘಟನೆಯೇ ಇಲ್ಲದ ದಿನಗಳನ್ನು ಒಂದೊಂದಾಗಿ ಕೂಡಿಸಿ ಅದಕ್ಕೆ ಬೆಲೆ ಕಟ್ಟಲಾಗಿದೆ. ಚಾಲಕ ತನ್ನ ಸಾಧನೆಯನ್ನು ತಾನೇ ಹೇಳಿಕೊಳ್ಳಬೇಕಾದ ಅಗತ್ಯವಿಲ್ಲ. ಕಡತವೇ ಅವನ ಪರವಾಗಿ ಮಾತನಾಡುತ್ತದೆ. ಹಾಗೆಂದು ಪದಕವೊಂದೇ ಸಾಲದು. ಸುಸ್ಥಿತಿಯ ವಾಹನ, ಸಾಕಷ್ಟು ವಿಶ್ರಾಂತಿ ದೊರೆಯದಿದ್ದರೆ ಎಂಥ ನುರಿತ ಚಾಲಕನೂ ಆ ಐದು ವರ್ಷಗಳನ್ನು ಮುಟ್ಟಲಾರ.

ಕಚೇರಿಗಳಲ್ಲಿ ಆಗುವುದೇನು?

ಇದೇ ಬಡಾವಣೆಗಳ ಕಚೇರಿಗಳನ್ನು ನೋಡಿದರೆ ಪರಿಸ್ಥಿತಿ ತಿರುವುಮುರುವು. ಸಾಫ್ಟ್‌ವೇರ್ ಸಂಸ್ಥೆಯಿರಲಿ, ಲೆಕ್ಕಪರಿಶೋಧಕರ ಕಚೇರಿಯಿರಲಿ, ವಾರ್ಷಿಕ ಮೌಲ್ಯಮಾಪನದ ನಮೂನೆಯಲ್ಲಿ ‘ಈ ವರ್ಷದ ಮುಖ್ಯ ಸಾಧನೆಗಳು’ ಎಂಬ ಅಂಕಣವಿರುತ್ತದೆ. ನಡುರಾತ್ರಿ ಕೈಕೊಟ್ಟ ಸರ್ವರನ್ನು ಸರಿಪಡಿಸಿದವನಿಗೆ ಅಲ್ಲಿ ಬರೆಯಲು ಒಂದು ಕಥೆಯಿದೆ. ತನ್ನ ಪಾಲಿನ ಸರ್ವರ್ ವರ್ಷವಿಡೀ ಕೈಕೊಡದಂತೆ ನೋಡಿಕೊಂಡವಳಿಗೆ ಏನು ಬರೆಯಬೇಕೆಂದೇ ತೋಚುವುದಿಲ್ಲ. ಇದರಲ್ಲಿ ಮೇಲಧಿಕಾರಿಯ ದುರುದ್ದೇಶವೇ ಇರಬೇಕೆಂದೇನಿಲ್ಲ. ಇತ್ತೀಚಿನದು ಮತ್ತು ಗದ್ದಲದ್ದು ನೆನಪಿನಲ್ಲಿ ಉಳಿಯುವುದು ಮನುಷ್ಯ ಸ್ವಭಾವ.

ಇದರ ಪರಿಣಾಮ ಎರಡು ಬಗೆಯದು. ಇಲ್ಲವೆನ್ನದವರ ಮೇಜಿಗೇ ಎಲ್ಲರ ಬಾಕಿ ಕೆಲಸವೂ ಬಂದು ಬೀಳುತ್ತದೆ. ಚೆನ್ನಾಗಿ ದುಡಿದದ್ದಕ್ಕೆ ಸಿಗುವ ಬಹುಮಾನ ಇನ್ನಷ್ಟು ದುಡಿಮೆಯೇ ಆಗುತ್ತದೆ. ಇನ್ನೊಂದೆಡೆ, ವೇತನ ಹೆಚ್ಚಳ ಮತ್ತು ಬಡ್ತಿ ಕೇಳಿದವರ ಪಾಲಾಗುತ್ತವೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ಮೆಚ್ಚುವ ನಾವು, ತುಳುಕದ ಕೊಡವನ್ನು ಬರಿದೆಂದು ಭಾವಿಸಿಬಿಡುತ್ತೇವೆ.

ಇಂಥವರು ಕೆಲಸ ಬಿಡುವಾಗಲೂ ಸದ್ದು ಮಾಡುವುದಿಲ್ಲ. ಯಾವ ಗ್ರಾಹಕನಿಗೆ ಯಾವ ದಿನ ಬಿಲ್ ತಲುಪಬೇಕು, ಯಾವ ಹಳೆಯ ಕಡತ ಎಲ್ಲಿದೆ ಎಂಬುದೆಲ್ಲ ಅವರೊಬ್ಬರ ತಲೆಯಲ್ಲಿತ್ತು ಎಂಬುದು ಅವರು ಹೋದ ಮೇಲಷ್ಟೇ ತಿಳಿಯುತ್ತದೆ.

ದ್ರಾವಿಡ್ ಎತ್ತಿದ ಪ್ರಶ್ನೆ

ತಮಗಾಗಿ ಕೇಳಿಕೊಳ್ಳದವರ ಪರವಾಗಿ ಯಾರು ಕೇಳಬೇಕು? 2018ರ ಫೆಬ್ರುವರಿಯ ಒಂದು ಪ್ರಸಂಗ ಇದಕ್ಕೆ ಉತ್ತರ ನೀಡುತ್ತದೆ. ನ್ಯೂಜಿಲೆಂಡ್‌ನಲ್ಲಿ ಭಾರತದ ಕಿರಿಯರ ತಂಡ 19 ವರ್ಷದೊಳಗಿನವರ ವಿಶ್ವಕಪ್ ಗೆದ್ದಾಗ, ಕ್ರಿಕೆಟ್ ಮಂಡಳಿಯು ಕೋಚ್ ಆಗಿದ್ದ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರಿಗೆ 50 ಲಕ್ಷ ರೂಪಾಯಿ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಸಮಾನವಾಗಿ ದುಡಿದವರ ನಡುವೆ ಈ ಅಂತರವೇಕೆಂದು ದ್ರಾವಿಡ್ ಪ್ರಶ್ನಿಸಿದರು. ಕೊನೆಗೆ ಎಲ್ಲರಿಗೂ ತಲಾ 25 ಲಕ್ಷ ನಿಗದಿಯಾಯಿತು. ದ್ರಾವಿಡ್ ಅವರ ಪಾಲು ಅರ್ಧಕ್ಕಿಳಿಯಿತು. ಮುಂದಾಳು ತಾನು ಸ್ವಲ್ಪ ಕಳೆದುಕೊಳ್ಳಲು ಸಿದ್ಧನಾದರೆ ಮಾತ್ರ ಮೆಚ್ಚುಗೆಯ ಮಾತಿಗೆ ತೂಕ ಬರುತ್ತದೆ.

ಮಾಡಬಹುದಾದದ್ದು

ಮೊದಲನೆಯದು, ದಾಖಲೆ. ತಂಡದ ಮುಖ್ಯಸ್ಥರು ತಿಂಗಳಿಗೊಮ್ಮೆ ಅರ್ಧ ಗಂಟೆ ಮೀಸಲಿಟ್ಟು, ಯಾರ ಕೆಲಸದಲ್ಲಿ ವಿಳಂಬವಾಗಲಿಲ್ಲ, ಯಾರ ವಿಭಾಗದಿಂದ ದೂರು ಬರಲಿಲ್ಲ, ಹೊಸಬರಿಗೆ ಯಾರು ಕೆಲಸ ಕಲಿಸಿದರು ಎಂದು ಬರೆದಿಟ್ಟರೆ ವರ್ಷಾಂತ್ಯದಲ್ಲಿ ನೆನಪನ್ನು ನೆಚ್ಚಬೇಕಾಗಿಲ್ಲ. ಮೌನಿಗಳೆಲ್ಲರೂ ದಕ್ಷರೇನೂ ಅಲ್ಲ. ಆ ವ್ಯತ್ಯಾಸವನ್ನು ತೋರಿಸುವುದೂ ದಾಖಲೆಯೇ ಹೊರತು ಅನುಕಂಪವಲ್ಲ.

ಎರಡನೆಯದು, ಕೇಳುವ ರೀತಿ. ‘ಎಲ್ಲ ಸರಿಯಿದೆಯೇ?’ ಎಂದರೆ ‘ಇದೆ ಸರ್’ ಎಂಬ ಉತ್ತರವಷ್ಟೇ ಸಿಗುತ್ತದೆ. ‘ನಿಮ್ಮ ಮೇಲಿರುವ ಕೆಲಸಗಳಲ್ಲಿ ಯಾವುದನ್ನು ಬೇರೆಯವರಿಗೆ ವಹಿಸಬಹುದು?’ ಎಂದು ಪ್ರತ್ಯೇಕವಾಗಿ ಕೂತು ಕೇಳಿದರೆ ಮಾತು ಹೊರಬರುತ್ತದೆ. ಸಭೆಯ ವಿಷಯಗಳನ್ನು ಹಿಂದಿನ ದಿನವೇ ಕಳುಹಿಸಿ ಬರಹದಲ್ಲಿ ಅಭಿಪ್ರಾಯ ಪಡೆಯುವುದೂ ಇಂಥವರಿಗೆ ಅನುಕೂಲ.

ಮೂರನೆಯದು, ಭಾರ ಇಳಿಸುವುದು. ಪ್ರತಿ ಮುಖ್ಯ ಕೆಲಸಕ್ಕೂ ಇನ್ನೊಬ್ಬರನ್ನು ತರಬೇತುಗೊಳಿಸಿದರೆ ಆ ನೌಕರ ನಿಶ್ಚಿಂತೆಯಿಂದ ರಜೆ ಹಾಕಬಹುದು. ಸಂಸ್ಥೆಯೂ ಒಬ್ಬರ ನೆನಪಿಗೆ ಜೋತುಬೀಳಬೇಕಿಲ್ಲ.

ನಾಲ್ಕನೆಯದು, ಮನ್ನಣೆಯ ಸ್ವರೂಪ. ವೇದಿಕೆಗೆ ಕರೆದು ಹಾರ ಹಾಕುವುದು ಎಲ್ಲರಿಗೂ ಹಿಡಿಸದು. ಇಂಥ ಕೆಲಸದಿಂದ ಇಂಥ ನಷ್ಟ ತಪ್ಪಿತೆಂದು ನಿರ್ದಿಷ್ಟವಾಗಿ ಬರೆದ ಪತ್ರ, ಅದರ ಪ್ರತಿ ಮೇಲಧಿಕಾರಿಗೆ, ಜತೆಗೆ ಕೇಳದೆಯೇ ಬಂದ ವೇತನ ಹೆಚ್ಚಳ ಹೆಚ್ಚು ಬೆಲೆಯುಳ್ಳದ್ದು. ಮ್ಯಾನೇಜರ್ ಆಗಲು ಮನಸ್ಸಿಲ್ಲದವರಿಗೂ ತಮ್ಮ ಕಸುಬಿನಲ್ಲೇ ಮೇಲೇರುವ ಶ್ರೇಣಿಯೊಂದು ಬೇಕು.

ನೌಕರರ ಹೊಣೆಯೂ ಇಲ್ಲದಿಲ್ಲ. ವಾರಕ್ಕೊಮ್ಮೆ ತಾನು ಮಾಡಿದ್ದನ್ನು ನಾಲ್ಕು ಸಾಲಿನಲ್ಲಿ ತಿಳಿಸುವುದು ಆತ್ಮಸ್ತುತಿಯಲ್ಲ, ಮಾಹಿತಿ.

ಐದು ವರ್ಷ ಒಂದೂ ಅಪಘಾತವಾಗಲಿಲ್ಲವೆಂದರೆ ಅದು ತಾನಾಗಿ ಒದಗಿದ ಅದೃಷ್ಟವಷ್ಟೇ ಅಲ್ಲ. ಒಬ್ಬ ಚಾಲಕ ಪ್ರತಿದಿನವೂ ಅದನ್ನು ತಪ್ಪಿಸಿದ್ದಾನೆ. ಬಸ್ ಡಿಪೋ ಇಡಬಲ್ಲ ಆ ಲೆಕ್ಕವನ್ನು ಕಚೇರಿಗಳೂ ಇಡಬಹುದು. ಅದಕ್ಕೆ ಬೇಕಾದದ್ದು ಒಂದು ಪುಸ್ತಕ ಮತ್ತು ತಿಂಗಳಿಗೆ ಅರ್ಧ ಗಂಟೆ.