ಮಗಳ ಮೂಗು ಚುಚ್ಚಿಸುವ ಮುನ್ನ



ಎಳೆಯ ಹೋರಿಗೆ ಮೊದಲ ಸಲ ಮೂಗುದಾರ ಹಾಕಿಸುವಾಗ ನೀವು ಎಷ್ಟು ಎಚ್ಚರಿಕೆ ವಹಿಸುತ್ತೀರೆಂಬುದು ನನಗೆ ಗೊತ್ತು. ಕೈ ಪಳಗಿದವರನ್ನೇ ಕರೆಸುತ್ತೀರಿ. ಗಾಯ ಮಾಯುವವರೆಗೆ ಹಗ್ಗ ಜಗ್ಗುವುದಿಲ್ಲ. ನೊಣ ಕೂರದಂತೆ ನೋಡಿಕೊಳ್ಳುತ್ತೀರಿ. ನೊಗಕ್ಕೆ ಹೂಡುವ ಮಾತಂತೂ ಇಲ್ಲವೇ ಇಲ್ಲ. ಆದರೆ ಮನೆಯ ಮಗಳಿಗೆ ಮೊದಲ ಸಲ ಮೂಗು ಚುಚ್ಚಿಸುವಾಗ ಇಷ್ಟು ಎಚ್ಚರಿಕೆ ಇರುತ್ತದೆಯೇ? "ಅದು ಹೆಂಗಸರ ವಿಷಯ" ಎಂದು ಗಂಡಸರು ಸುಮ್ಮನಾಗುತ್ತೇವೆ. ಜಾತ್ರೆಯ ಗದ್ದಲದಲ್ಲಿ ಯಾರೋ ಚುಚ್ಚುತ್ತಾರೆ; ಸಂಜೆಗೆ ಆ ಹುಡುಗಿ ಕೊಟ್ಟಿಗೆಯ ಸಗಣಿ ಬಾಚುತ್ತಿರುತ್ತಾಳೆ.

ಒಂದು ಸುಗ್ಗಿಯಲ್ಲಿ ನಾನು ರಾಗಿ ಕಣವೊಂದರ ಬಳಿ ಹೋಗಿದ್ದಾಗ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಸೆರಗಿನ ತುಂಡಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದಳು. ಮೂಗು ಚುಚ್ಚಿಸಿ ಐದು ದಿನವಾಗಿತ್ತು. ಮೂಗಿನ ಹೊಳ್ಳೆ ಊದಿ, ಕೆನ್ನೆ ಕೆಂಪಾಗಿ, ಜ್ವರ ಬಂದಿತ್ತು. ಆ ದಿನವೇ ತಾಲ್ಲೂಕಿನ ಆಸ್ಪತ್ರೆಗೆ ಕರೆದೊಯ್ದದ್ದರಿಂದ ಗುಣವಾಯಿತು. ಚುಚ್ಚಿದ ಜಾಗದಲ್ಲಿ ಒಂದು ಕಲೆ ಮಾತ್ರ ಉಳಿಯಿತು. ಅವಳ ತಂದೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಹೋರಿಗೆ ಮೂಗುದಾರ ಹಾಕಿಸಿದಾಗ ಹದಿನೈದು ದಿನ ಬಿಟ್ಟಿದ್ದೆ ಸ್ವಾಮಿ. ಮಗಳನ್ನು ಮಾರನೆಯ ದಿನವೇ ಕಣದ ದೂಳಿಗೆ ಕರೆತಂದೆ." ಈ ಲೇಖನ ಬರೆಯಲು ಆ ಮಾತೇ ಕಾರಣ.

ತೊಂದರೆ ಎಲ್ಲಿಂದ ಬರುತ್ತದೆ?

ಮೂಗುತಿ ತೊಡುವುದು ನಮ್ಮ ನಾಡಿನ ಒಪ್ಪುವ ಪದ್ಧತಿ. ಅದನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಚುಚ್ಚುವುದೆಂದರೆ ಒಂದು ಗಾಯ ಮಾಡುವುದು ಎಂಬುದನ್ನು ಮಾತ್ರ ಮರೆಯಬಾರದು.

ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿಯೂ ದನ ಕುದುರೆಗಳ ಸಗಣಿ ಲದ್ದಿಯಲ್ಲಿಯೂ ಇರುತ್ತದೆ. ಕಳೆಯ ಬೀಜ ಹದ ಸಿಗುವವರೆಗೆ ಹೊಲದಲ್ಲಿ ಮಲಗಿರುವಂತೆ ಅದು ವರ್ಷಗಟ್ಟಲೆ ಮಲಗಿರುತ್ತದೆ. ಸ್ವಲ್ಪ ಹೊತ್ತು ನೀರಿನಲ್ಲಿ ಕುದಿಸಿದರೂ ಸಾಯುವ ಭರವಸೆಯಿಲ್ಲ. ಗಾಳಿ ತಾಗದ ಕಿರಿದಾದ ಗಾಯ ಸಿಕ್ಕರೆ ಅಲ್ಲಿ ಬೆಳೆದು ವಿಷ ಬಿಡುತ್ತದೆ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಮುಂದೆ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಧನುಸ್ಸಿನಿಂದಲೇ ಅದಕ್ಕೆ ಆ ಹೆಸರು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಯಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾನ್ಯಮಾಡಿತು. ಅದು ಲಸಿಕೆಯಿಂದಲೂ ಶುದ್ಧವಾದ ಹೆರಿಗೆಯಿಂದಲೂ ಆದ ಕೆಲಸ. ಮಣ್ಣಿನಿಂದ ರೋಗಾಣು ಹೋಗಿಲ್ಲ.

ಎರಡನೆಯ ಭಯ ಒಂದೇ ಸೂಜಿಯನ್ನು ಹಲವರಿಗೆ ಬಳಸುವುದರಿಂದ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಿದರೆ ಯಕೃತ್ತನ್ನು ಕೆಡಿಸುವ ಬಿ ಕಾಮಾಲೆ ಹರಡಬಹುದು. ಅದರ ವಿಷಾಣು ಮೈಯಿಂದ ಹೊರಗೆ ಏಳು ದಿನವಾದರೂ ಬದುಕಿರಬಲ್ಲದು. ಬಟ್ಟೆಯಲ್ಲಿ ಒರೆಸಿದ ಮಾತ್ರಕ್ಕೆ ಸೂಜಿ ಶುದ್ಧವಾಗುವುದಿಲ್ಲ.

ಚುಚ್ಚಿಸುವ ಮೊದಲು

1. ಮೊದಲು ಮಗಳನ್ನು ಕೇಳಿರಿ. ಗಾಯವನ್ನು ತಿಂಗಳುಗಟ್ಟಲೆ ಜೋಪಾನ ಮಾಡಬೇಕಾದವಳು ಅವಳು. ಮನಸ್ಸಿಲ್ಲದಿದ್ದರೆ ಬಲವಂತ ಕೂಡದು.

2. ಲಸಿಕೆಯ ವಿಚಾರ ನೋಡಿರಿ. ಶೈಶವದ ಲಸಿಕೆಗಳ ಜೊತೆಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಟಿ.ಡಿ. ಚುಚ್ಚುಮದ್ದು ಕೊಡುತ್ತಾರೆ. ತಾಯಿ ಕಾರ್ಡನ್ನು ಹಿಡಿದು ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಸಹಾಯಕಿಯನ್ನೋ ಕಾಣಿರಿ. ಯಾವುದಾದರೂ ತಪ್ಪಿದ್ದರೆ, ಮೂಗು ಚುಚ್ಚಿಸುವುದಕ್ಕೆ ಎರಡು ವಾರ ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿರಿ. ಅದಕ್ಕೆ ಹಣ ಕೊಡಬೇಕಾಗಿಲ್ಲ.

3. ಕಾಲ ನೋಡಿ ಗೊತ್ತುಮಾಡಿರಿ. ಒಕ್ಕಣೆಯ ದೂಳು, ನಾಟಿಯ ಕೆಸರು ಇರುವಾಗ ಬೇಡ. ಮದುವೆಯ ಹಿಂದಿನ ದಿನ ಚುಚ್ಚಿಸಿ ಮಾರನೆಯ ದಿನ ಭಾರದ ನತ್ತು ಇಡುವ ಅವಸರವೂ ಬೇಡ. ಶಾಲೆಗೆ ರಜೆ ಇದ್ದು ಹೊಲದಲ್ಲಿ ಕೆಲಸ ಕಡಿಮೆ ಇರುವ ದಿನಗಳು ಮೇಲು.

4. ಒಡವೆ ಹಗುರವಾಗಿರಲಿ, ನಯವಾಗಿರಲಿ. ಅಗ್ಗದ ಒಡವೆಗಳಲ್ಲಿ ನಿಕ್ಕಲ್ ಎಂಬ ಲೋಹ ಬೆರೆತಿರುವುದುಂಟು. ಕೆಲವರ ಚರ್ಮಕ್ಕೆ ಅದು ಒಗ್ಗದೆ ತುರಿಕೆ, ರಸಿಗೆ ಕಾರಣವಾಗುತ್ತದೆ. 22 ಕ್ಯಾರೆಟ್ ಚಿನ್ನದ ಸಣ್ಣ ತಂತಿ ಸಾಕು. 916 ಎಂಬ ಗುರುತು ಈ ಚಿನ್ನದ್ದೇ.

ಸಕ್ಕರೆ ಕಾಯಿಲೆ ಇರುವವರು, ಹಳೆಯ ಗಾಯದ ಕಲೆ ಗಂಟಿನಂತೆ ಬೆಳೆಯುವ ಮೈಯವರು ವೈದ್ಯರನ್ನು ಕೇಳಿಯೇ ಮುಂದುವರಿಯತಕ್ಕದ್ದು.

ಚುಚ್ಚಿಸುವ ದಿನ

ವೈದ್ಯರಿಂದ ಚುಚ್ಚಿಸುವುದು ಎಲ್ಲಕ್ಕಿಂತ ಮೇಲು. ಅಕ್ಕಸಾಲಿಗರಿಂದಲೇ ಆಗಬೇಕೆಂದರೆ, ಅವರು ಸಾಬೂನಿನಿಂದ ಕೈ ತೊಳೆಯಲಿ. ಹೊಸ ಸೂಜಿಯ ಮುಚ್ಚಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಒಡವೆಯ ತಂತಿಯಿಂದಲೇ ಚುಚ್ಚುವವರಾದರೆ ಆ ತಂತಿ ನಿಮ್ಮ ಮಗಳಿಗಾಗಿಯೇ ಮಾಡಿದ ಹೊಸದಾಗಿರಬೇಕು. ಅದನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ತಣಿಸಿ, ತುದಿಗೆ ಕೈ ತಾಗಿಸದೆ ಬಳಸಬೇಕು. ಹೀಗೆ ಕೇಳಲು ಸಂಕೋಚಪಡಬೇಡಿರಿ. ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೊಹರು ನೋಡುವುದಿಲ್ಲವೇ?

ಕಿವಿ ಚುಚ್ಚುವ ಪಿಸ್ತೂಲಿನಂಥ ಯಂತ್ರವನ್ನು ಮೂಗಿಗೆ ಬಳಸಬಾರದು. ಅದು ಮೂಗಿನ ಮೃದು ಎಲುಬನ್ನು ಜಜ್ಜುತ್ತದೆ. ಅದರ ಪ್ಲಾಸ್ಟಿಕ್ ಭಾಗಗಳನ್ನು ಆಸ್ಪತ್ರೆಯ ರೀತಿಯಲ್ಲಿ ಹಬೆಯಿಂದ ಶುದ್ಧಿ ಮಾಡಲು ಬರುವುದಿಲ್ಲ.

ಜಾಗಕ್ಕೆ ಮೊದಲು ಗುರುತು ಹಾಕಿ, ಹುಡುಗಿಗೆ ಕನ್ನಡಿ ತೋರಿಸಿ ಒಪ್ಪಿಗೆ ಪಡೆಯಲಿ. ಎಡವೋ ಬಲವೋ ಎಂಬುದು ಮನೆತನದ ರೂಢಿ. ಗಾಯ ಮಾಯುವುದಕ್ಕೆ ಎರಡೂ ಒಂದೇ. ಚುಚ್ಚಿದಾಗ ನೋವು ಒಂದು ಕ್ಷಣದ್ದು. ಕಣ್ಣೀರು ಬರುತ್ತದೆ, ಸೀನು ಬರಬಹುದು. ಇವು ಸಹಜವೆಂದು ಮೊದಲೇ ಹೇಳಿಟ್ಟರೆ ಅವಳು ಹೆದರುವುದಿಲ್ಲ.

ಆಮೇಲಿನ ಆರೈಕೆ

ಹೊರಗಿನ ಚರ್ಮ ಬೇಗ ಮಾಗಿದಂತೆ ಕಂಡರೂ ಒಳಗಿನ ಗಾಯ ಪೂರ್ತಿ ಮಾಯಲು ಎರಡರಿಂದ ನಾಲ್ಕು ತಿಂಗಳು, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಅಲ್ಲಿಯವರೆಗೆ ಹೀಗೆ ಮಾಡಿರಿ:

ಒಂದು ಲೋಟ ನೀರನ್ನು ಕುದಿಸಿ ಆರಿಸಿ, ಅದಕ್ಕೆ ಚಿಕ್ಕ ಚಮಚದ ಕಾಲು ಭಾಗ ಉಪ್ಪು ಹಾಕಿರಿ. ದಿನಕ್ಕೆ ಎರಡು ಸಲ, ಕೈ ತೊಳೆದುಕೊಂಡು, ಶುದ್ಧವಾದ ಹತ್ತಿಯನ್ನು ಆ ನೀರಿನಲ್ಲಿ ಅದ್ದಿ ಗಾಯದ ಒಳಗೂ ಹೊರಗೂ ಮೆತ್ತಗೆ ಒರೆಸಬೇಕು. ದಿನವೂ ಹೊಸ ನೀರು ಮಾಡಿಕೊಳ್ಳಿರಿ. ಹಕ್ಕಳೆಯನ್ನು ಉಗುರಿನಿಂದ ಕೀಳಬಾರದು. ಒಡವೆಯನ್ನು ಸುಮ್ಮಸುಮ್ಮನೆ ತಿರುಗಿಸಲೂಬಾರದು.

ಅಡುಗೆಮನೆಯ ಅರಿಸಿನ, ಎಣ್ಣೆ, ಬೂದಿ, ಸಗಣಿ, ಇವೊಂದನ್ನೂ ಹಚ್ಚಕೂಡದು. ಅರಿಸಿನ ಒಳ್ಳೆಯದಲ್ಲವೇ ಎಂದು ಅಜ್ಜಿಯರು ಕೇಳುತ್ತಾರೆ. ಸಾರಿಗೆ ಅದು ಒಳ್ಳೆಯದೇ. ಆದರೆ ಡಬ್ಬಿಯೊಳಗಿನ ಪುಡಿಯಲ್ಲಿ ಯಾವ ದೂಳಿದೆ, ಯಾರ ಕೈ ಆಡಿದೆ ಎಂದು ಹೇಳಬಲ್ಲವರು ಯಾರು?

ಮೊದಲ ಎರಡು ವಾರ ಕೊಟ್ಟಿಗೆ ಕೆಲಸ, ತಿಪ್ಪೆ ಕೆಲಸ, ಕೆರೆಯ ಈಜು ಬೇಡ. ಆ ಕೆಲಸವನ್ನು ಅವಳ ಅಣ್ಣನೋ ನೀವೋ ಮಾಡಿರಿ.

ತಿರುಪಿನ ಮೂಗುಬಟ್ಟನ್ನು ಗಾಯ ಪೂರ್ತಿ ಮಾಗಿದ ಮೇಲೆ ಹಾಕುವುದು ಲೇಸು. ಅತಿಯಾಗಿ ಬಿಗಿದರೆ ಅದು ಮಾಂಸದಲ್ಲಿ ಹೂತುಕೊಳ್ಳುತ್ತದೆ. ಸಡಿಲ ಬಿಟ್ಟರೆ ತಿರುಪು ಕಳಚಿ, ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದು, ತಿಂಗಳುಗಟ್ಟಲೆ ಕೆಮ್ಮು ತಂದ ಉದಾಹರಣೆಗಳನ್ನು ನಮ್ಮ ದೇಶದ ವೈದ್ಯರು ಕಂಡಿದ್ದಾರೆ. ಮನೆಯ ಹಿರಿಯ ಹೆಂಗಸರೂ ಆಗಾಗ ತಮ್ಮ ತಿರುಪನ್ನು ಪರೀಕ್ಷಿಸಿಕೊಳ್ಳಬೇಕು. ತಿರುಪು ಕಾಣೆಯಾಗಿ ಕೆಮ್ಮು ಹತ್ತಿದರೆ ವೈದ್ಯರಿಗೆ ಆ ವಿಷಯ ಹೇಳಲೇಬೇಕು.

ಯಾವಾಗ ವೈದ್ಯರ ಬಳಿಗೆ?

ಮೊದಲ ಕೆಲವು ದಿನ ಸ್ವಲ್ಪ ಕೆಂಪು, ಸ್ವಲ್ಪ ಊತ, ತಿಳಿಯಾದ ರಸಿ ಒಣಗಿ ಹಕ್ಕಳೆಗಟ್ಟುವುದು, ಇವು ಸಹಜ. ಆದರೆ ದಿನದಿಂದ ದಿನಕ್ಕೆ ಊತ ಏರಿದರೆ, ಹಳದಿ ಅಥವಾ ಹಸಿರು ಕೀವು ಬಂದರೆ, ಕೆಂಪು ಕೆನ್ನೆಗೆ ಹರಡಿದರೆ, ಜ್ವರ ಬಂದರೆ ಅದೇ ದಿನ ಹೋಗಿರಿ. ಕೀವನ್ನು ಹಿಂಡಬೇಡಿರಿ. ಮೂಗಿನ ಸುತ್ತಣ ರಕ್ತನಾಳಗಳು ತಲೆಯೊಳಗಿನ ನಾಳಗಳೊಡನೆ ಕೂಡಿಕೊಂಡಿವೆ. ಅಪರೂಪವಾಗಿಯಾದರೂ ಸೋಂಕು ಆ ದಾರಿಯಲ್ಲಿ ಮೇಲೇರಬಹುದು. ಕೀವು ಇರುವಾಗ ಒಡವೆಯನ್ನು ನೀವಾಗಿ ತೆಗೆಯಬೇಡಿರಿ. ತೂತು ಬೇಗ ಮುಚ್ಚಿ ಕೀವು ಒಳಗೇ ನಿಲ್ಲುತ್ತದೆ.

ಕಣ್ಣಿನ ಸುತ್ತ ಊದಿಕೊಂಡರೆ, ಬಲವಾದ ತಲೆನೋವು ಬಂದರೆ, ದವಡೆ ಬಿಗಿಯಾದರೆ ಒಂದು ಗಳಿಗೆಯೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಸೇರಿಸಿರಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಬಾಂಧವರೇ, ಒಂದು ಹೊಸ ಸೂಜಿ, ಒಂದು ಚಿಟಿಕೆ ಉಪ್ಪು, ಎರಡು ವಾರದ ಬಿಡುವು, ಇಷ್ಟೇ ಬೇಕಾಗಿರುವುದು. ಹೋರಿಗೆ ತೋರುವ ಕಾಳಜಿಯಲ್ಲಿ ಮಗಳಿಗೆ ಕಡಿಮೆ ಮಾಡಬೇಡಿರಿ. ಇದನ್ನು ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲರ ಎದುರು, ಅಜ್ಜಿಗೂ ಕೇಳುವಂತೆ, ಗಟ್ಟಿಯಾಗಿ ಓದಿ ಹೇಳಿರಿ.